ಲಿಫ್ಟಣ್ಣ ಚಾಕು ಮಾರಿದ ಕಾರಣಗಳು

ಗಾಜಿನ ಮೇಲೆ ವಜ್ರದ ಮೊನೆ ಅರ್ಧ ದಾರಿ ಸಾಗಿದ್ದಾಗ ಫ್ರೇಮಿನವನಿಗೆ ಮತ್ತೆ ಅಳು ಒತ್ತರಿಸಿ ಬಂತು. ಗೆರೆ ಎಳೆಯುವಾಗ ನಡುವೆ ಕೈ ನಿಂತರೆ ಆ ಗಾಜು ಕೆಟ್ಟಂತೆಯೇ ಲೆಕ್ಕ. ಹಲ್ಲು ಕಚ್ಚಿಕೊಂಡು ತುದಿಯವರೆಗೂ ಎಳೆದು, ಗಾಜನ್ನು ಮೇಜಿನ ಅಂಚಿಗೆ ತಂದು ಮುರಿದು, ಆಮೇಲೆ ತೋಳಿನಿಂದ ಮೂಗು ಒರೆಸಿಕೊಂಡ. ಈ ಕಸುಬಿನಲ್ಲಿ ಅಳುವುದಕ್ಕೂ ಸರದಿ ಕಾಯಬೇಕು.

ಮೇಜಿನ ಮೇಲೆ ಲಿಫ್ಟಣ್ಣನ ಫೋಟೊ ಇತ್ತು. ಕೆಲಸ ಬಿಟ್ಟ ದಿನ ತೆಗೆದದ್ದು. ಕತ್ತಿನ ತನಕ ಗುಂಡಿ ಹಾಕಿದ ಖಾಕಿ ಅಂಗಿ, ಬೆನ್ನ ಹಿಂದೆ ಲಿಫ್ಟಿನ ಜಾಲರಿ ಬಾಗಿಲು. ನಿನ್ನೆ ಸಂಜೆ ಲಿಫ್ಟಣ್ಣ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಇವತ್ತು ಮಧ್ಯಾಹ್ನ ಮಣ್ಣು ಮಾಡುವುದೆಂದು ನಿಶ್ಚಯವಾಗಿತ್ತು. ಅಷ್ಟರೊಳಗೆ ಫೋಟೊಗೆ ಕಟ್ಟು ಹಾಕಿ ಕೊಡಬೇಕಿತ್ತು. ಫೋಟೊದ ಪಕ್ಕದಲ್ಲಿ ಲಿಫ್ಟಣ್ಣನ ಕೊನೆಯ ಚಾಕು ಮಲಗಿತ್ತು. ಅಂಗೈಯಲ್ಲಿ ಅಡಗಿಸಬಹುದಾದ, ಕೊಂಬಿನ ಹಿಡಿಯ ಮಡಚುವ ಚಾಕು. ಜೇಬಿನಲ್ಲಿ ತೊಡೆಗೆ ಒತ್ತುತ್ತಿತ್ತೆಂದು ಫ್ರೇಮಿನವನು ತೆಗೆದಿಟ್ಟಿದ್ದ.

"ಫ್ರೇಮಣ್ಣಾ! ಆಯ್ತೋ ಇಲ್ವೋ?"

ಲಿಫ್ಟಣ್ಣನ ತಂಗಿಯ ದನಿ. ಆಕೆ ಬೀದಿಯ ಆ ತುದಿಯಲ್ಲಿ ಪಿಸುಗುಟ್ಟಿದರೂ ಈ ತುದಿಯಲ್ಲಿ ಕೇಳಿಸುತ್ತದೆ. ಅಂಗಡಿಯ ಮುಂಭಾಗದಲ್ಲಿ ಫ್ರೇಮಿನವನ ಹೆಂಡತಿ ಅವಳನ್ನು ತಬ್ಬಿಕೊಂಡು ನಾಲ್ಕು ಮಾತು ಆಡುತ್ತಿದ್ದಳು. ಆ ಹೊತ್ತಿನಲ್ಲಿ ಒಳಗೆ ಫ್ರೇಮಿನವನ ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡಿದವು. ಗಾಜು ಕೂರಿಸಿದವು, ಫೋಟೊ ಕೂರಿಸಿದವು, ಚಾಕು ಎತ್ತಿ ಫೋಟೊದ ಬೆನ್ನಿಗೆ ಇಟ್ಟವು, ಅದರ ಮೇಲೆ ಹಲಗೆ ಮುಚ್ಚಿ ಸುತ್ತಲೂ ಸಣ್ಣ ಮೊಳೆ ಬಡಿದವು, ಕಂದು ಕಾಗದಕ್ಕೆ ಗೋಂದು ಸವರಿ ಅಂಟಿಸಿದವು. ಅವನ ಕಣ್ಣು ಮಾತ್ರ ಸುರಿಯುತ್ತಲೇ ಇತ್ತು.

"ಎಷ್ಟೊತ್ತು ಅಳ್ತಾ ಕೂತಿರ್ತೀಯ? ಅಲ್ಲಿ ಜನ ಬಂದು ತುಂಬಿದಾರೆ, ಮೇಜಿನ ಮೇಲೆ ಬರೀ ಹೂವಿದೆ," ಎನ್ನುತ್ತ ತಂಗಿ ಒಳಗೆ ನುಗ್ಗಿ, ಫ್ರೇಮನ್ನು ಕಂಕುಳಲ್ಲಿ ಇರುಕಿಕೊಂಡು, ಬಂದಷ್ಟೇ ಬಿರುಸಾಗಿ ಹೊರಟುಹೋದಳು. ಹೊರಗೆ ಗಾಡಿ ಹೊರಟ ಸದ್ದಾಯಿತು. ಫ್ರೇಮಿನವನು ಮೇಜು ಒರೆಸಿ, ಚಾಕು ಎತ್ತಿ ಜೇಬಿಗೆ ಹಾಕಿಕೊಳ್ಳೋಣವೆಂದು ಕೈ ಚಾಚಿದ. ಕೈಗೆ ಗಾಜಿನ ಚೂರುಗಳು ಸಿಕ್ಕವು, ಚಾಕು ಸಿಗಲಿಲ್ಲ.

ಮೇಜಿನ ಕೆಳಗೆ ಬಗ್ಗಿ ನೋಡಿದ. ಅಲ್ಲೂ ಇರಲಿಲ್ಲ.

"ಏನ್ರೀ ಆಯ್ತು? ಮುಖ ಯಾಕೆ ಹೀಗೆ ಬಿಳಿಚಿಕೊಂಡಿದೆ?" ಎಂದಳು ಹೆಂಡತಿ.

"ಏನಿಲ್ಲ. ಚಪ್ಪಲಿ ಎಲ್ಲಿ?" ಎಂದ. ಚಪ್ಪಲಿ ಅವನ ಕಾಲಲ್ಲೇ ಇದ್ದವು.

*

ಆ ಕೈಗಳಿಗೆ ಅಂಥ ಅಭ್ಯಾಸ ಬಿದ್ದದ್ದು ಹೇಗೆಂಬುದನ್ನು ಹೇಳಬೇಕು.

ಫ್ರೇಮಿನ ಅಂಗಡಿಯ ಎದುರಿಗೇ ಹಳೆಯ ಕಚೇರಿ ಕಟ್ಟಡ. ಅಲ್ಲಿ ಜಾಲರಿ ಬಾಗಿಲಿನ ಲಿಫ್ಟು, ಲಿಫ್ಟಿನೊಳಗೊಂದು ಸ್ಟೂಲು, ಸ್ಟೂಲಿನ ಮೇಲೆ ಲಿಫ್ಟಣ್ಣ. ದಿನವಿಡೀ ಬಾಗಿಲು ಎಳೆಯುವುದು, ಬಾಗಿಲು ಹಾಕುವುದು. ಹಾಕುವ ಮೊದಲು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕುತ್ತಿಗೆ ಹೊರಗೆ ಚಾಚಿ, ಇನ್ನೂ ಯಾರಾದರೂ ಓಡಿ ಬರುತ್ತಿದ್ದಾರೆಯೇ ಎಂದು ನೋಡುತ್ತಿದ್ದ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಲಿಫ್ಟು ಮೇಲೇಳುತ್ತಿತ್ತು. ಅವಸರದವರು ಗೊಣಗುತ್ತಿದ್ದರು. ಓಡಿ ಬಂದು ಹತ್ತಿಕೊಂಡವರು ಹರಸುತ್ತಿದ್ದರು. ಎರಡನ್ನೂ ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ದಿನಕ್ಕೆ ಅಷ್ಟು ಬಾಗಿಲು ತೆಗೆದು ಹಾಕಿದವನಿಗೆ ಮನೆಗೆ ಹೋದಮೇಲೆ ಏನು ಬೇಕು? ಮತ್ತೆ ಅದೇ. ಲಿಫ್ಟಣ್ಣನ ಹುಚ್ಚು ಮಡಚುವ ಚಾಕುಗಳದು. ಕೊಂಬಿನ ಹಿಡಿ, ಹಿತ್ತಾಳೆ ಹಿಡಿ, ಮರದ ಹಿಡಿ, ಎರಡು ಅಲಗಿನದು, ಮೀನಿನ ಆಕಾರದ್ದು. ಅವುಗಳಲ್ಲಿ ಒಂದರಿಂದಲೂ ಅವನು ಜನ್ಮದಲ್ಲಿ ಒಂದು ಹಣ್ಣಿನ ಸಿಪ್ಪೆ ತೆಗೆದವನಲ್ಲ. ಅವನಿಗೆ ಬೇಕಾದದ್ದು ಮುಚ್ಚುವಾಗಿನ ಸದ್ದು. ಕಿವಿಯ ಬಳಿ ಹಿಡಿದು ಟಕ್ ಎನ್ನಿಸಿ, "ಕೇಳು, ಇದು ಒಳ್ಳೆ ಮನೆತನದ ಬಾಗಿಲು" ಎನ್ನುತ್ತಿದ್ದ. ಮನೆಯಲ್ಲಿ ಗಾಜಿನ ಕಪಾಟು ಮಾಡಿಸಿ ಸಾಲಾಗಿ ಜೋಡಿಸಿದ್ದ. ಮಕ್ಕಳಿಲ್ಲದ ಮನೆ, ಕಪಾಟಿಗೆ ಬೀಗವೂ ಇರಲಿಲ್ಲ.

ಅವನ ಹೆಂಡತಿಯನ್ನು ಫ್ರೇಮಿನವನು ಅತ್ತಿಗೆ ಎನ್ನುತ್ತಿದ್ದ. ಆಕೆಗೆ ದೊಡ್ಡಾಸ್ಪತ್ರೆಯಲ್ಲಿ ಗಾಯಕ್ಕೆ ಔಷಧ ಹಾಕಿ ಪಟ್ಟಿ ಕಟ್ಟುವ ಕೋಣೆಯಲ್ಲಿ ಕೆಲಸ. ಒಂದು ಸಂಜೆ ಹೊಟ್ಟೆಗೆ ಇರಿತ ಬಿದ್ದ ಯುವಕನೊಬ್ಬನನ್ನು ಹೊತ್ತು ತಂದರು. ಇರಿದ ಚಾಕುವನ್ನೂ ಯಾರೋ ಪುಣ್ಯಾತ್ಮರು ಜೊತೆಗೇ ತಂದು ಟ್ರೇಯಲ್ಲಿ ಹಾಕಿದ್ದರು. ಮೀನಿನ ಆಕಾರದ ಹಿತ್ತಾಳೆ ಹಿಡಿಯದು. ಮನೆಯ ಕಪಾಟಿನಲ್ಲಿ ಎರಡನೆಯ ಸಾಲಿನಲ್ಲಿ ಇದ್ದದ್ದರ ಅವಳಿ. ಯುವಕ ಉಳಿಯಲಿಲ್ಲ. ಆಕೆ ಮನೆಗೆ ಬಂದು, ಊಟಕ್ಕೆ ಕೂತು, ಕಪಾಟಿನ ಕಡೆ ಬೆನ್ನು ಮಾಡಿ ಕುರ್ಚಿ ತಿರುಗಿಸಿಕೊಂಡು, "ಇವು ಮನೇಲಿ ಬೇಡ" ಎಂದಳು. ಅಷ್ಟೇ. ಕೂಗಾಡಲಿಲ್ಲ, ಅಳಲಿಲ್ಲ.

"ಒಂದೊಂದೇ ಮಾರಿಬಿಡ್ತೀನಿ ಅಂತ ಮಾತು ಕೊಟ್ಟೆ," ಎಂದು ಲಿಫ್ಟಣ್ಣ ಮುಂದಿನ ಭಾನುವಾರ ಅಂಗಡಿಗೆ ಬಂದು ಕೂತ.

"ಸರಿ, ಮಾರು."

"ಮಾರೋಕಾಗುತ್ತೇನೋ! ನೀನು ಕೊಂಡ್ಕೊ."

"ನನಗ್ಯಾಕಪ್ಪ ಚಾಕು?"

"ಕೊಂಡ್ಕೊಂಡ ಹಾಗೆ ಮಾಡು. ನನ್ನದು ನಿನ್ನ ಹತ್ರ ಇರಲಿ."

ಫ್ರೇಮಿನವನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅವನ ಅಂಗಡಿಯ ಗೋಡೆ ತುಂಬ ಯಾರೂ ಒಯ್ಯದೆ ಬಿಟ್ಟುಹೋದ ಚಿತ್ರಗಳಿದ್ದವು: ಕಟ್ಟು ಹಾಕಲು ಕೊಟ್ಟು ಮರೆತ ಮದುವೆಗಳು, ಊರು ಬಿಟ್ಟವರ ಅಜ್ಜಂದಿರು, ಶಾಲೆಯ ಗುಂಪು ಚಿತ್ರಗಳು. ಒಂದೊಂದರ ಹಿಂದೆ ಒಂದೊಂದು ಚಾಕು ಹೋಗಿ ಕೂತಿತು. ಮದುಮಗಳ ಬೆನ್ನಿಗೆ ಎರಡು ಅಲಗಿನದು, ಮೀಸೆಯ ಮುದುಕನ ಬೆನ್ನಿಗೆ ಮೀನಿನದು. "ಈ ಅನಾಥ ಮದುವೆಗಳನ್ನೆಲ್ಲ ಎತ್ತಿ ಎಸೀರಿ, ಗೋಡೆ ಉಸಿರಾಡಲಿ" ಎಂದು ಹೆಂಡತಿ ರೇಗಿದಾಗಲೆಲ್ಲ ಫ್ರೇಮಿನವನು, "ಇವತ್ತಲ್ಲ ನಾಳೆ ಬಂದು ಕೇಳ್ತಾರೆ ಕಣೆ" ಎಂದು ಸಾಗಹಾಕುತ್ತಿದ್ದ. ಲಿಫ್ಟಣ್ಣ ಭಾನುವಾರ ಬಂದು ಗೋಡೆಯಿಂದ ಯಾವುದಾದರೊಂದು ಮದುವೆ ಇಳಿಸಿ, ಬೆನ್ನು ಬಿಚ್ಚಿ, ಚಾಕುವಿಗೆ ಎಣ್ಣೆ ಒರೆಸಿ, ನಾಲ್ಕು ಸಲ ಟಕ್ ಟಕ್ ಎನ್ನಿಸಿ, ಮುಚ್ಚಿಟ್ಟು ಹೋಗುತ್ತಿದ್ದ. ಹಾಗೆ ಒರೆಸುವಾಗ ಹೆಬ್ಬೆರಳು ಕೊಯ್ದುಕೊಂಡರೆ, "ಗಾಜು ತಾಗಿತು ಅಂತೀನಿ ಬಿಡು" ಎನ್ನುತ್ತಿದ್ದ. ಈ ನಡುವೆ ಲಿಫ್ಟಣ್ಣನ ಮನೆಯವರ ದನಿ ಬೀದಿಯಲ್ಲಿ ಕೇಳಿದರೆ ಸಾಕು, ಇಬ್ಬರ ಕೈಗಳೂ ಚಾಕುವನ್ನು ಚಿತ್ರದ ಹಿಂದೆ ತಳ್ಳಿ ಹಲಗೆ ಮುಚ್ಚುತ್ತಿದ್ದವು.

ಆದರೆ ಬಚ್ಚಿಡುವುದು ಸುಲಭದ ಕೆಲಸ. ಕಷ್ಟದ್ದು ಕಾರಣ. ಮೊದಲನೆಯದು ಮಾರಿದೆನೆಂದಾಗ ಅತ್ತಿಗೆ, "ಇದನ್ನೇ ಯಾಕೆ ಮೊದಲು ಮಾರಿದ್ರಿ?" ಎಂದು ಕೇಳಿಬಿಟ್ಟಿದ್ದಳು. ಲಿಫ್ಟಣ್ಣ ತಡವರಿಸಿ, "ಅದರ ಸ್ಪ್ರಿಂಗಿಗೆ ಸುಸ್ತಾಗಿತ್ತು" ಎಂದಿದ್ದ. ಅಲ್ಲಿಂದ ಪ್ರತಿ ಚಾಕುವಿಗೂ ಒಂದು ಕಾರಣ ಬೇಕಾಯಿತು. ಇಬ್ಬರೂ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕಾರಣ ಹೊಸೆದರು. ಇದರ ಸದ್ದು ಯಾರೋ ಗಂಟಲು ಸರಿಮಾಡಿಕೊಂಡ ಹಾಗಿದೆ. ಇದು ಎಡಗೈಯವನಿಗೆ ಮಾಡಿದ್ದು, ನನ್ನ ಕೈಯಲ್ಲಿ ಮುನಿಸಿಕೊಳ್ಳುತ್ತೆ. ಹಡಗಿನ ಅಡುಗೆಯವನೊಬ್ಬ ಕಾಲು ಹಿಡಿದು ಬೇಡಿದ. ಇದನ್ನು ಕೊಂಡ ದಿನ ನಿನಗೂ ನನಗೂ ಜಗಳವಾಗಿತ್ತು, ನೋಡಿದರೆ ಅದೇ ನೆನಪಾಗುತ್ತೆ. ಕೆಲವು ಕಾರಣಗಳು ಎಷ್ಟು ಚೆನ್ನಾಗಿದ್ದವೆಂದರೆ, ಫ್ರೇಮಿನವನಿಗೇ ಮಾರಿದ್ದು ಒಳ್ಳೆಯದಾಯಿತು ಎನ್ನಿಸುತ್ತಿತ್ತು.

ಮಾರಿದ ಮೇಲೆ ದುಡ್ಡು ಕಾಣಬೇಡವೇ? ಲಿಫ್ಟಣ್ಣ ಬಸ್ಸು ಬಿಟ್ಟು ನಡೆದು, ಸಂಜೆಯ ಚಹಾ ಬಿಟ್ಟು, ಕೂಡಿಸಿಟ್ಟು, ಒಂದು ಚಾಕುವಿಗೆ ಒಂದು ಕೆಟಲ್ಲು ತಂದ, ಇನ್ನೊಂದಕ್ಕೆ ದಪ್ಪ ರಜಾಯಿ, ಮತ್ತೊಂದಕ್ಕೆ ಗೋಡೆ ಗಡಿಯಾರ. ಹೀಗೆ ಕಪಾಟು ಬರಿದಾಗುತ್ತ ಮನೆ ತುಂಬುತ್ತ ಹೋಯಿತು.

*

ಫ್ರೇಮಿನವನು ಏದುಸಿರು ಬಿಡುತ್ತ ಬಂದು ನೋಡಿದರೆ ಮನೆಯ ಹೊರಗೆ ಚಪ್ಪಲಿ ರಾಶಿ. ನಡುಮನೆಯಲ್ಲಿ ಲಿಫ್ಟಣ್ಣ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ತಲೆಯ ಬಳಿ ಸಣ್ಣ ಮೇಜು, ಮೇಜಿನ ಮೇಲೆ ಹೂದಾನಿಗೆ ಒರಗಿಸಿಟ್ಟ ಫೋಟೊ. ಪಕ್ಕದಲ್ಲೇ ಅತ್ತಿಗೆ ಶಾಲು ಹೊದ್ದು ಕೂತಿದ್ದಳು. ಬೀದಿಯಲ್ಲಿ ಲಾರಿ ಹಾದು ಹೋದಾಗ ಫೋಟೊದ ಒಳಗಿನಿಂದ ಕಟಕಟ ಎಂದು ಸಣ್ಣ ಸದ್ದು ಬಂತು.

"ಆ ಲಿಫ್ಟಲ್ಲಿ ಎಷ್ಟು ಸಲ ಕೇಸು ಸೋತು ಬಂದು ಹತ್ತಿದೀನಿ," ಎನ್ನುತ್ತಿದ್ದರು ಮೂರನೆಯ ಮಹಡಿಯ ವಕೀಲರು. "ಒಂದು ದಿನಾನೂ ಏನಾಯ್ತು ಅಂತ ಕೇಳಿಲ್ಲ. ಸೋತ ದಿನ ಬಾಗಿಲು ನಿಧಾನಕ್ಕೆ ಹಾಕ್ತಿದ್ದ, ಅಷ್ಟೆ. ಹೇಗೆ ಗೊತ್ತಾಗ್ತಿತ್ತೋ ಏನೋ."

"ಈಗ ಬಟನ್ ಒತ್ತೋ ಲಿಫ್ಟು ಸಾರ್," ಎಂದ ಕಟ್ಟಡದ ವಾಚ್‌ಮನ್. "ಬಾಗಿಲು ತಾನಾಗೇ ಹಾಕ್ಕೊಳ್ಳುತ್ತೆ. ಮೊನ್ನೆ ನನ್ನ ಮೂಗಿಗೇ ಬಡೀತು."

ಫ್ರೇಮಿನವನು ಜನರ ನಡುವೆ ತೂರಿಕೊಂಡು ಮೇಜಿನ ಹತ್ತಿರ ಬಂದ. "ಅತ್ತಿಗೆ, ಗಾಜಿನ ಮೇಲೆ ಗೋಂದಿನ ಕಲೆ ಉಳಿದುಬಿಟ್ಟಿದೆ. ಕೊಡಿ, ಒಂದು ನಿಮಿಷ ಒರೆಸ್ಕೊಂಡು ಬರ್ತೀನಿ."

ಅತ್ತಿಗೆ ತಲೆ ಎತ್ತುವ ಮೊದಲೇ ತಂಗಿ ಮುಂದೆ ಬಂದು ಕರವಸ್ತ್ರದಿಂದ ಗಾಜನ್ನು ಉಜ್ಜಿದಳು. "ಎಲ್ಲಿದೆ ಕಲೆ? ಕನ್ನಡಿ ಹಾಗೆ ಹೊಳೀತಿದೆ."

"ಹಿಂದುಗಡೆ ಒಂದು ಮೊಳೆ ಸಡಿಲ…"

"ಅಯ್ಯೋ, ಮೊಳೆ ಓಡಿಹೋಗಲ್ಲ, ಕೂತ್ಕೊಳ್ಳಿ ಫ್ರೇಮಣ್ಣ," ಎಂದು ವಾಚ್‌ಮನ್ ಭುಜ ಹಿಡಿದು ಕೂರಿಸಿದ. "ನಿಮ್ಮ ಸಂಕಟ ನಮಗೆ ಅರ್ಥ ಆಗುತ್ತೆ."

ಅರ್ಥವಾಗಿದ್ದರೆ ಚೆನ್ನಾಗಿತ್ತು. ಫ್ರೇಮಿನವನು ಗೋಡೆಗೆ ಒರಗಿ ಕೂತು ಫೋಟೊವನ್ನೇ ದಿಟ್ಟಿಸುತ್ತಿದ್ದ. ನೋಡಿದವರು, ಎಂಥಾ ಸ್ನೇಹ, ಕಣ್ಣು ಕೀಳುತ್ತಿಲ್ಲ ಪಾಪ, ಎಂದುಕೊಂಡರು.

ತಂಗಿ ಬಂದವರಿಗೆಲ್ಲ ಚಹಾ ಸುರಿಯುತ್ತ ಅಣ್ಣನ ಗುಣಗಾನ ಶುರು ಮಾಡಿದ್ದಳು. "ಈ ಕೆಟಲ್ ಏನು ಗೊತ್ತಾ? ನಮ್ಮಣ್ಣನ ಮೊದಲನೇ ಚಾಕು. ಆ ಗಡಿಯಾರ ಇದ್ಯಲ್ಲ, ಅದು ಹಡಗಿನವನಿಗೆ ಮಾರಿದ್ದು. ಒಳಗಿರೋ ರಜಾಯಿ ಇನ್ನೊಂದು. ಪ್ರಾಣ ಅಂದ್ರೆ ಪ್ರಾಣ ಆ ಚಾಕುಗಳು ಅವನಿಗೆ. ಅತ್ತಿಗೆ ಒಂದು ಮಾತು ಅಂದ್ರು ಅಂತ ಎಲ್ಲಾ ಮಾರಿದ. ಒಂದೂ ಇಟ್ಕೊಳ್ಳಲಿಲ್ಲ. ಈ ಕಾಲದಲ್ಲಿ ಅಂಥ ಗಂಡ ಎಲ್ಲಿ ಸಿಗ್ತಾನೆ?"

ಹೆಂಗಸರೆಲ್ಲ ಅತ್ತಿಗೆಯ ಕಡೆ ನೋಡಿದರು. ಸಾವಿನ ಮನೆಯಲ್ಲಿ ಹೊಟ್ಟೆಕಿಚ್ಚು ಪಡಬಾರದೆಂದು ಇದ್ದರೂ ಇಬ್ಬರು ಮೂವರು ತಮ್ಮ ತಮ್ಮ ಗಂಡಂದಿರ ಕಡೆಗೂ ಒಂದು ನೋಟ ಬೀರಿದರು. ಅತ್ತಿಗೆ ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು.

ಫ್ರೇಮಿನವನು ಆಕೆಯನ್ನೇ ನೋಡಿದ. ಈ ಹೆಂಗಸಿಗೆ ಇವತ್ತು ಉಳಿದಿರುವುದು ಇದೊಂದೇ. ಗಂಡ ತನಗಾಗಿ ಪ್ರಾಣದಂಥ ವಸ್ತುಗಳನ್ನು ಬಿಟ್ಟುಕೊಟ್ಟ ಎಂಬ ನಂಬಿಕೆ. ಇಷ್ಟು ಜನರ ಎದುರಿಗೆ ಆ ಹಲಗೆ ಕಳಚಿ ಚಾಕು ಕೆಳಗೆ ಬಿದ್ದರೆ, ಕೆಟಲ್ಲು ಸುಳ್ಳು, ಗಡಿಯಾರ ಸುಳ್ಳು, ಹೊದ್ದು ಮಲಗಿದ ರಜಾಯಿಯೂ ಸುಳ್ಳು. ಗಂಡನನ್ನು ಎರಡು ದಿನದಲ್ಲಿ ಎರಡು ಸಲ ಕಳೆದುಕೊಂಡಂತಾಗುತ್ತದೆ. ಅದಕ್ಕೆ ಕಾರಣ ತನ್ನ ಈ ಹಾಳು ಕೈ.

ಅಷ್ಟರಲ್ಲಿ ವಕೀಲರು ಹೂವಿಡಲು ಬಗ್ಗಿದರು. ಅವರ ಮೊಣಕೈ ತಾಗಿ ಹೂದಾನಿ ಸರಿಯಿತು, ಫೋಟೊ ಜಾರಿತು. ಫ್ರೇಮಿನವನು ಕೂತಲ್ಲಿಂದಲೇ ಹಾರಿ ಎರಡೂ ಕೈಯಲ್ಲಿ ಹಿಡಿದ. ಫೋಟೊ ಬೀಳಲಿಲ್ಲ. ಆದರೆ ಒಳಗೆ ಖಡಕ್ ಎಂದದ್ದು ಇಡೀ ಕೋಣೆಗೆ ಕೇಳಿಸಿತು.

"ಒಳಗೇನೋ ಇದೆ," ಎಂದಳು ತಂಗಿ.

"ಮೊಳೆ. ಮೊಳೆ ಕಳಚಿ ಬಿದ್ದಿರಬೇಕು. ಅದನ್ನೇ ಆಗ ಹೇಳಿದ್ದು."

"ಅಷ್ಟು ದೊಡ್ಡ ಮೊಳೆನಾ?"

ಎಲ್ಲರೂ ನೋಡುತ್ತಿದ್ದರು. ಆಗ ಅತ್ತಿಗೆ ಮೊದಲ ಸಲ ತಲೆ ಎತ್ತಿದಳು. ಫೋಟೊವನ್ನೂ ಅದನ್ನು ಹಿಡಿದ ಕೈಗಳನ್ನೂ ನೋಡಿದಳು.

"ಇಲ್ಲಿ ಕೊಡು," ಎಂದಳು. "ನನ್ನ ಹತ್ರ ಇರಲಿ."

ಫೋಟೊ ಆಕೆಯ ಮಡಿಲಿಗೆ ಹೋಯಿತು. ಸ್ಮಶಾನಕ್ಕೆ ಹೊರಟಾಗಲೂ, ಗಾಡಿಯಲ್ಲಿ ಕೂತಾಗಲೂ, ಮಣ್ಣು ಹಾಕುವಾಗಲೂ ಆಕೆ ಅದನ್ನು ಎದೆಗೆ ಅವಚಿಕೊಂಡೇ ಇದ್ದಳು. ಯಾರು ಕೇಳಿದರೂ ಕೊಡಲಿಲ್ಲ.

*

ಲಿಫ್ಟಣ್ಣ ಆ ಕೊನೆಯ ಚಾಕು ಕೊಟ್ಟದ್ದು ಆಸ್ಪತ್ರೆಯಲ್ಲಿ, ಅತ್ತಿಗೆ ಔಷಧ ತರಲು ಹೊರಗೆ ಹೋಗಿದ್ದ ಹೊತ್ತಿನಲ್ಲಿ. ದಿಂಬಿನ ಗವುಸಿನೊಳಗೆ ಕೈ ತೂರಿಸಿ, ತಡಕಾಡಿ ಹೊರಗೆ ತೆಗೆದ.

"ಇದೊಂದು ಕೆಲಸದಲ್ಲಿದ್ದಾಗ ಸ್ಟೂಲಿನ ಕೆಳಗಿತ್ತು. ಆಮೇಲೆ ಬೂಟಲ್ಲಿ. ಇದನ್ನೂ ತಗೊ."

"ಇದಕ್ಕೇನು ಕಾರಣ ಹೇಳೋಣ?" ಎಂದ ಫ್ರೇಮಿನವನು, ನಗಿಸಲೆಂದು.

"ಇದಕ್ಕೆ ಹೊಸೆಯೋದು ಬೇಡ. ನಿಜವಾದ್ದೇ ಇದೆ, ನೋಡು." ಲಿಫ್ಟಣ್ಣ ಉಗುರಿನಿಂದ ಅಲಗನ್ನು ಮೀಟಿ ತೆಗೆದ. ಮುಚ್ಚಲು ಹೋದ. ಬೆರಳುಗಳು ನಡುಗಿ ಅಲಗು ಅರ್ಧಕ್ಕೇ ನಿಂತಿತು. ಮತ್ತೆ ಪ್ರಯತ್ನಿಸಿದ. ಆಗಲಿಲ್ಲ. "ತೆಗೆಯೋಕೆ ಬರುತ್ತೆ, ಮುಚ್ಚೋಕೆ ಬರ್ತಿಲ್ಲ. ಬಾಗಿಲು ಹಾಕೋಕೆ ಬರದೆ ಇದ್ದವನು ಲಿಫ್ಟಲ್ಲಿ ಕೂರಬಾರದು."

ಫ್ರೇಮಿನವನು ಅದನ್ನು ತೆಗೆದುಕೊಂಡು ತಾನೇ ಮುಚ್ಚಿದ. ಟಕ್ ಎಂದಿತು. ಲಿಫ್ಟಣ್ಣ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡ.

"ಅವಳಿಗೆ ಗೊತ್ತಾಗಬಾರದು ಕಣೋ," ಎಂದ ಆಮೇಲೆ. "ಎಲ್ಲಾನೂ ನಿಜ ಅಂತ ನಂಬ್ಕೊಂಡು ಬದುಕಿದಾಳೆ. ನಾನು ಹೋದಮೇಲೆ ಗೊತ್ತಾದ್ರೆ ಯಾರ ಹತ್ರ ಜಗಳ ಆಡ್ತಾಳೆ, ಹೇಳು?"

"ನನ್ನ ಜೀವ ಇರೋವರೆಗೂ ಗೊತ್ತಾಗಲ್ಲ," ಎಂದು ಫ್ರೇಮಿನವನು ಕೈಮೇಲೆ ಕೈಯಿಟ್ಟು ಭಾಷೆ ಕೊಟ್ಟಿದ್ದ.

*

ಸ್ಮಶಾನದಿಂದ ಬಂದು ಕೈಕಾಲು ತೊಳೆದುಕೊಂಡ ಮೇಲೆ ಜನ ಒಬ್ಬೊಬ್ಬರೇ ಕರಗಿದರು. ಉಳಿದವರು ನಡುಮನೆಯಲ್ಲಿ ಚಹಾ ಕುಡಿಯುತ್ತಿದ್ದರು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೀನು ಸ್ವಲ್ಪ ಬಾ ಇಲ್ಲಿ," ಎಂದು ಫ್ರೇಮಿನವನನ್ನು ಕರೆದಳು. ಅವನು ಒಳಗೆ ಹೋದ. ಆಕೆ ಬಾಗಿಲು ಹಾಕಿದಳು.

ಫೋಟೊ ಮೇಜಿನ ಮೇಲೆ ಮುಖ ಕೆಳಗಾಗಿ ಮಲಗಿತ್ತು.

"ಬಿಚ್ಚು."

"ಅತ್ತಿಗೆ, ಇವತ್ತು ಬೇಡ. ಅಂಗಡಿಗೆ ತಗೊಂಡು ಹೋಗಿ ನಾಳೆ ನೀಟಾಗಿ…"

ಆಕೆ ಕಾದು ನಿಲ್ಲಲಿಲ್ಲ. ಉಗುರು ಹಾಕಿ ಕಂದು ಕಾಗದವನ್ನು ಪರ್ರನೆ ಸೀಳಿದಳು. ಜೀವನವಿಡೀ ಗಾಯದ ಪಟ್ಟಿ ಬಿಚ್ಚಿದ ಕೈ ಅದು. ಫ್ರೇಮಿನವನು ಜೇಬಿನಿಂದ ಇಕ್ಕಳ ತೆಗೆದು, ಇನ್ನು ದೇವರೇ ಗತಿ ಎಂದುಕೊಂಡು, ಮೊಳೆಗಳನ್ನು ಕಿತ್ತ. ಹಲಗೆ ಎದ್ದಿತು. ಲಿಫ್ಟಣ್ಣನ ಬೆನ್ನ ಮೇಲೆ ಕೊಂಬಿನ ಹಿಡಿಯ ಚಾಕು ತಣ್ಣಗೆ ಮಲಗಿತ್ತು.

"ಅದು… ಅತ್ತಿಗೆ, ಅದೇನಾಯ್ತು ಅಂದ್ರೆ," ಎಂದು ಫ್ರೇಮಿನವನು ಶುರು ಮಾಡಿದ. ಮುಂದೆ ಏನೂ ಹೊಳೆಯಲಿಲ್ಲ. ಜೊತೆಗೆ ಕೂತು ಕಾರಣ ಹೊಸೆಯುತ್ತಿದ್ದವನು ಈಗಷ್ಟೇ ಮಣ್ಣಿಗೆ ಹೋಗಿದ್ದ. "ಅದರ ಸ್ಪ್ರಿಂಗಿಗೆ…"

"ಸುಸ್ತಾಗಿತ್ತಾ?" ಎಂದಳು ಅತ್ತಿಗೆ. "ಅದನ್ನ ಕೆಟಲ್ಲಿಗೆ ಹೇಳಿ ಆಗಿದೆ. ಬೇರೆ ಹೇಳು."

ಅತ್ತಿಗೆಯ ತುಟಿಯ ಕೊನೆ ಅದುರುತ್ತಿತ್ತು. ಅಳುವಿಗೋ ನಗುವಿಗೋ ತಿಳಿಯಲಿಲ್ಲ.

"ನಿಮಗೆ… ಯಾವಾಗಿಂದ?"

"ಮೊದಲನೇ ತಿಂಗಳಿಂದ. ಮನೇಲಿ ಚಾಕು ಇಲ್ಲ, ಆದರೆ ಭಾನುವಾರ ಬಂತು ಅಂದ್ರೆ ಎಡಗೈ ಹೆಬ್ಬೆರಳಲ್ಲಿ ಗಾಯ. ಕೇಳಿದ್ರೆ ಫ್ರೇಮಿನ ಅಂಗಡಿ ಗಾಜು ತಾಗಿತು ಅನ್ನೋರು. ಪ್ರತಿ ಸಲ ಅದೇ ಬೆರಳು, ಅದೇ ಜಾಗ. ಗಾಜು ಅಷ್ಟು ಶಿಸ್ತಾಗಿ ಕೊಯ್ಯುತ್ತೇನೋ? ಪಟ್ಟಿ ಕಟ್ಟೋಳಿಗೇ ಸುಳ್ಳು ಹೇಳಿ ಪಟ್ಟಿ ಕಟ್ಟಿಸ್ಕೊಳ್ತಿದ್ರು. ಬೆರಳು ಮೂಸಿದ್ರೆ ಹೊಲಿಗೆ ಮಷಿನ್ನಿನ ಎಣ್ಣೆ ವಾಸನೆ. ಚಪ್ಪಲಿ ನೋಡಿದ್ರೆ ನಡೆದು ನಡೆದು ಅಡಿ ಸವೆದುಹೋಗಿರ್ತಿತ್ತು. ಕೆಟಲ್ ಎಲ್ಲಿಂದ ಬಂತು ಅಂತ ಅದೇ ಹೇಳ್ತಿತ್ತಲ್ಲ. ಒಂದ್ಸಲ ನಿನ್ನ ಅಂಗಡೀಲಿ ಗೋಡೆ ಮೇಲಿನ ಒಂದು ಮದುವೆ ಎತ್ತಿ ನೋಡಿದೆ, ಒಳಗೆ ಕಟಕಟ ಅಂತು."

"ಇದೂ ಗೊತ್ತಿತ್ತಾ?" ಫ್ರೇಮಿನವನು ಮೇಜಿನ ಮೇಲಿನ ಚಾಕುವನ್ನು ತೋರಿಸಿದ.

"ಆಸ್ಪತ್ರೇಲಿ ದಿಂಬಿನ ಗವುಸು ದಿನಾ ಬದಲಾಯಿಸ್ತಿದ್ದವಳು ಯಾರು? ಹಳೇ ಗವುಸಿಂದ ತೆಗೆದು ಹೊಸದರೊಳಗೆ ಇಡ್ತಿದ್ದೆ. ಒಂದಿನ ಇರಲಿಲ್ಲ. ನೀನು ಬಂದು ಹೋಗಿದ್ದೆ. ಇವತ್ತು ಒಳಗೆ ಸದ್ದಾಯ್ತಲ್ಲ, ಆಗ ಗೊತ್ತಾಯ್ತು ಎಲ್ಲಿಗೆ ಬಂದಿದೆ ಅಂತ."

ಫ್ರೇಮಿನವನು ಸ್ಟೂಲು ಎಳೆದುಕೊಂಡು ಕೂತುಬಿಟ್ಟ. ಬೆಳಗಿನಿಂದ ಹೊತ್ತಿದ್ದ ಭಾರ ಇಳಿಯಿತೆನ್ನುವುದೂ ಕಡಿಮೆಯೇ. ಎಷ್ಟೋ ವರ್ಷಗಳಿಂದ ಹೊತ್ತಿದ್ದದ್ದು ಇಳಿಯುತ್ತಿತ್ತು.

"ಮತ್ತೆ ಯಾಕೆ ಸುಮ್ಮನಿದ್ರಿ ಅತ್ತಿಗೆ?"

"ನಾನು ಕೇಳಿದ್ದು ಮನೇಲಿ ಬೇಡ ಅಂತ. ಅವರು ಮನೇಲಿ ಇಡಲಿಲ್ಲ. ಅಲ್ಲಿಗೆ ನನ್ನ ಮಾತು ನಡೆದ ಹಾಗೇ ಆಯ್ತು." ಅತ್ತಿಗೆ ಎದುರಿನ ಕುರ್ಚಿಯಲ್ಲಿ ಕೂತಳು. "ಆಮೇಲೆ, ಆ ಕೆಲಸ ಎಂಥದ್ದು ಅಂತ ನಿನಗೂ ಗೊತ್ತು. ಕೆಲವು ದಿನ ಎಷ್ಟು ಕೈ ತೊಳೆದ್ರೂ ವಾಸನೆ ಹೋಗ್ತಿರಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತ್ರೆ ಅವರು, 'ಇವತ್ತೊಂದು ಮಾರಿದೆ' ಅಂತ ಶುರು ಮಾಡೋರು. ಯಾಕೆ ಅಂತ ನಾನು ಕೇಳ್ತಿದ್ದೆ. ಹಡಗಂತೆ, ಅಡುಗೆಯವನಂತೆ, ಗಂಟಲು ಸರಿ ಮಾಡ್ಕೊಳ್ಳೋ ಚಾಕುವಂತೆ! ಕೇಳ್ತಾ ಕೇಳ್ತಾ ಎರಡು ತುತ್ತು ಜಾಸ್ತಿ ಊಟ ಮಾಡ್ತಿದ್ದೆ ನಾನು. ಗೊತ್ತು ಅಂದುಬಿಟ್ಟಿದ್ರೆ ಅದು ನಿಂತುಹೋಗ್ತಿತ್ತಲ್ಲ."

ಫ್ರೇಮಿನವನಿಗೆ ನಗು ಬಂತು. ನಗುತ್ತಿದ್ದಂತೆ ಅಳು ಬಂತು. ಗಾಜು ಕೊಯ್ಯುವ ಕೆಲಸವೇನೂ ಇರಲಿಲ್ಲವಾದ್ದರಿಂದ ಎರಡನ್ನೂ ಒಟ್ಟಿಗೇ ಬಿಟ್ಟುಕೊಟ್ಟ. ಅತ್ತಿಗೆಯೂ ಶಾಲನ್ನು ಬಾಯಿಗೆ ಒತ್ತಿಕೊಂಡು ಹಾಗೇ ಮಾಡಿದಳು.

"ನನಗಿದ್ದ ಭಯ ಒಂದೇ," ಎಂದಳು ಸಾವರಿಸಿಕೊಂಡು. "ನಿನ್ನ ಹೆಂಡತಿ ಎಲ್ಲಿ ಆ ಚಿತ್ರಗಳನ್ನ ಗುಜರಿಗೆ ಹಾಕ್ತಾಳೋ ಅಂತ."

"ಅವಳಿಗೆ ಅದರ ಹಿಂದೆ ಏನಿದೆ ಅಂತ ಗೊತ್ತೇ ಇಲ್ಲ ಬಿಡಿ."

"ಅಲ್ವೋ, ಆ ಗೋಡೆ ಧೂಳು ಹೊಡೆಯೋಳು ಯಾರು?"

ಈ ಪ್ರಶ್ನೆಯನ್ನು ಇಷ್ಟು ವರ್ಷ ತಾನೇ ಕೇಳಿಕೊಂಡಿರಲಿಲ್ಲವಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು.

"ಮಿಕ್ಕಿದ್ದನ್ನೆಲ್ಲ ಏನು ಮಾಡಲಿ, ಅತ್ತಿಗೆ?"

"ಮಾರಿಬಿಡು. ಈ ಸಲ ನಿಜವಾಗಿ."

"ಕೊಳ್ಳೋರು ಮೊದಲು ಕೇಳೋದೇ, ಯಾಕೆ ಮಾರ್ತಿದೀರಿ ಅಂತ."

ಅತ್ತಿಗೆ ಚಾಕುವನ್ನು ಎತ್ತಿಕೊಂಡಳು. ಇಷ್ಟು ವರ್ಷದಲ್ಲಿ ಆಕೆ ಅವುಗಳಲ್ಲೊಂದನ್ನು ಹೀಗೆ ಕೈಯಲ್ಲಿ ಹಿಡಿದು ನೋಡಿದ್ದನ್ನು ಅವನು ಕಂಡಿರಲಿಲ್ಲ. ಅಲಗನ್ನು ತೆಗೆದಳು, ಕಿವಿಯ ಹತ್ತಿರ ಹಿಡಿದು ಮುಚ್ಚಿದಳು. ಟಕ್.

"ಸುಳ್ಳು ಹೇಳೋರು ಹೋದರು, ಕೇಳೋಳೊಬ್ಬಳೇ ಉಳಿದಳು. ಅದಕ್ಕೆ ಅಂತ ಹೇಳು," ಎಂದಳು. ಇನ್ನೊಮ್ಮೆ ತೆಗೆದು ಮುಚ್ಚಿದಳು. "ಚೆನ್ನಾಗೇ ಇದೆ ಸದ್ದು."

ಆಮೇಲೆ ಆಕೆ ಚಾಕುವನ್ನು ಲಿಫ್ಟಣ್ಣನ ಬೆನ್ನಿಗೆ ಮತ್ತೆ ಇಟ್ಟು, ಹಲಗೆಯನ್ನು ತಾನೇ ಮುಚ್ಚಿದಳು. "ಮೊಳೆ ಹೊಡಿ. ಇದೊಂದು ಮನೇಲಿರಲಿ."

ಫ್ರೇಮಿನವನು ಇಕ್ಕಳದ ಬೆನ್ನಿನಿಂದಲೇ ಮೊಳೆಗಳನ್ನು ಒತ್ತಿ ಕೂರಿಸಿದ. ಚಾಕುವನ್ನು ಅಲುಗಾಡದಂತೆ ರಟ್ಟು ಕೊಟ್ಟು ಬಿಗಿಮಾಡಬಹುದಿತ್ತು. ಮಾಡಲಿಲ್ಲ.

ನಡುಮನೆಯಲ್ಲಿ ಗಡಿಯಾರದ ಪಕ್ಕಕ್ಕೆ ಒಂದು ಆಣಿ ಹೊಡೆದು ಫೋಟೊ ತೂಗುಹಾಕಿದರು. ಒಳಗೆ ಚಾಕು ಒಂದು ಮೂಲೆಗೆ ಜಾರಿತು. ಫೋಟೊ ಆ ಕಡೆಗೆ ವಾಲಿತು. ತಂಗಿ ಕೆಟಲ್ಲು ಕೆಳಗಿಟ್ಟು ಬಂದು ನೇರ ಮಾಡಿದಳು. ಸಣ್ಣಗೆ ಸದ್ದಾಗಿ ಅದು ಮತ್ತೆ ವಾಲಿತು.

"ಏನು ಕಟ್ಟು ಹಾಕಿದೀಯ ಫ್ರೇಮಣ್ಣ? ನಿಲ್ತಾನೇ ಇಲ್ಲ."

"ಇರಲಿ ಬಿಡಮ್ಮ," ಎಂದಳು ಅತ್ತಿಗೆ, ಚಹಾ ಸುರಿದುಕೊಳ್ಳುತ್ತ.

ಗೋಡೆಯ ಮೇಲೆ ಲಿಫ್ಟಣ್ಣ ಜಾಲರಿ ಬಾಗಿಲಿನ ಮುಂದೆ ನಿಂತು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಇನ್ನೂ ಯಾರಾದರೂ ಓಡಿ ಬರುತ್ತಿದ್ದಾರೆಯೇ ಎಂದು ನೋಡುತ್ತಿದ್ದ.